ಕೇಳುವ ಬಾಗಿಲಿಗೇ ಬೀಗ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 2004 ಮತ್ತು 2005ರ ನಡುವೆ ಕೆಲವರು ಕೈಯಲ್ಲಿ ಕಾಗದ ಹಿಡಿದು ಸಹಿ ಕೇಳುತ್ತಾ ತಿರುಗಿದರು. ಕಪ್ಪು ಜನ ಇರುವ ಕಡೆಗೂ ಹೋದರು. ಸಹಿ ಎತ್ತಿಸುತ್ತಿದ್ದ ಸಂಘಟನೆಯ ಹೆಸರು 'ಮಿಷಿಗನ್ ನಾಗರಿಕ ಹಕ್ಕುಗಳ ಉಪಕ್ರಮ'. ನಾಗರಿಕ ಹಕ್ಕು ಅನ್ನೋ ಮಾತು ಆ ಜನಕ್ಕೆ ಬರೀ ಮಾತಲ್ಲ. ಅದಕ್ಕಾಗಿ ಅವರು ನಾಯಿಗಳ ಕೈಲಿ ಕಚ್ಚಿಸಿಕೊಂಡಿದ್ದಾರೆ, ಜೈಲು ಕಂಡಿದ್ದಾರೆ, ಹೆಣ ಹೊತ್ತಿದ್ದಾರೆ. 'ಇದು ಅಫರ್ಮೇಟಿವ್ ಆ್ಯಕ್ಷನ್ ಪರವಾದದ್ದು' ಅಂತ ಹೇಳಿದ್ದನ್ನು ನಂಬಿ ಎಷ್ಟೋ ಮಂದಿ ಸಹಿ ಹಾಕಿದರು. ಕಾಗದದೊಳಗೆ ಇದ್ದದ್ದು ಅದನ್ನು ಬೇರುಸಹಿತ ಕೀಳುವ ಮಾತು.

ಮೋಸ ಗೊತ್ತಾದ ಮೇಲೆ ಜನ ನ್ಯಾಯಾಲಯಕ್ಕೆ ಹೋದರು. 2006ರ ಆಗಸ್ಟಿನಲ್ಲಿ ಆರ್ಥರ್ ಟಾರ್ನೋ ಎಂಬ ಫೆಡರಲ್ ನ್ಯಾಯಾಧೀಶರು ತೀರ್ಪು ಕೊಟ್ಟರು. ಹೌದು, ವ್ಯವಸ್ಥಿತವಾಗಿ ಮೋಸ ನಡೆದಿದೆ ಅಂದರು. ಆದರೆ ಮೋಸ ಮಾಡಿದವರು ಕಪ್ಪು ಮತದಾರರನ್ನು ಮಾತ್ರ ವಂಚಿಸಿಲ್ಲ, ಬಿಳಿಯರನ್ನೂ ವಂಚಿಸಿದ್ದಾರೆ. ಬಣ್ಣ ನೋಡದೆ ಎಲ್ಲರಿಗೂ ಒಂದೇ ರೀತಿ ಮೋಸ ಮಾಡಿರುವುದರಿಂದ ಮತದಾನ ಹಕ್ಕಿನ ಕಾಯಿದೆ ಮುರಿದಂತಾಗುವುದಿಲ್ಲ ಅಂದರು. ಅರ್ಜಿ ವಜಾ. ಮತಪತ್ರದಲ್ಲಿ ಪ್ರಸ್ತಾವ ಉಳಿಯಿತು. ಸಮಾನತೆ ಅನ್ನುವುದನ್ನು ಕಾನೂನು ಹೀಗೂ ಓದಬಲ್ಲದು ನೋಡಿ!

ಆ ಪ್ರಸ್ತಾವಕ್ಕೆ 'ಪ್ರೊಪೋಸಲ್ 2' ಅಂತ ಹೆಸರು. ಅದರ ಕತೆಯನ್ನು ನಾವು ಯಾಕೆ ಓದಬೇಕು ಅಂತ ಕೇಳಬಹುದು. ಮೀಸಲಾತಿ ಅಂದ ಕೂಡಲೇ ನಾವೆಲ್ಲ ಸೀಟಿನ ಲೆಕ್ಕಕ್ಕೆ ಕೂರುತ್ತೇವೆ. ನೂರಕ್ಕೆ ಎಷ್ಟು, ಯಾರಿಗೆ ಎಷ್ಟು, ಯಾರದ್ದು ಯಾರು ತಿಂದರು. ಸೀಟಿಗಿಂತ ಮೊದಲಿನ ಪ್ರಶ್ನೆ ಇನ್ನೊಂದಿದೆ. ಸೀಟು ಬೇಕು ಅಂತ ಯಾರ ಮುಂದೆ ಹೋಗಿ ನಿಂತು ಕೇಳಬೇಕು? ಕೇಳಿದರೆ ಕೊಡುವ ಅಧಿಕಾರ ಅವರ ಕೈಯಲ್ಲಿ ಇದೆಯೋ ಇಲ್ಲವೋ? ಮಿಷಿಗನ್ನಿನಲ್ಲಿ ನಡೆದದ್ದು ಈ ಎರಡನೆಯದರ ಮೇಲಿನ ದಾಳಿ.

ಮೊದಲು ವಿಶ್ವವಿದ್ಯಾನಿಲಯ ಯಾರದು ಅಂತ ನೋಡೋಣ. 1817ರ ಸೆಪ್ಟೆಂಬರ್ 29ರಂದು ಫೋರ್ಟ್ ಮೇಗ್ಸ್ ಎಂಬಲ್ಲಿ ಅಮೆರಿಕದ ಸರ್ಕಾರಕ್ಕೂ ಮೂಲನಿವಾಸಿ ಬುಡಕಟ್ಟುಗಳಿಗೂ ಒಂದು ಒಪ್ಪಂದವಾಯಿತು. ಒಪ್ಪಂದ ಅಂದರೆ ಗೊತ್ತಲ್ಲ, ಒಂದು ಕಡೆ ಬಂದೂಕು, ಇನ್ನೊಂದು ಕಡೆ ಹೆಬ್ಬೆಟ್ಟು. ಅಪಾರ ಭೂಮಿಯನ್ನು ಆ ಜನ ಬಿಟ್ಟುಕೊಟ್ಟರು. ಅದೇ ಒಪ್ಪಂದದ 16ನೇ ಕಲಮಿನಲ್ಲಿ ಒಜಿಬ್ವೆ, ಒಡಾವಾ, ಪೊಟವಾಟಮಿ ಜನ ಇನ್ನೂ ಒಂದಿಷ್ಟು ಭೂಮಿಯನ್ನು ಡೆಟ್ರಾಯಿಟ್‌ನ ಒಂದು ಚರ್ಚಿಗೂ, ಆಗಷ್ಟೇ ಕಾಗದದ ಮೇಲೆ ಹುಟ್ಟಿದ್ದ ಒಂದು ಕಾಲೇಜಿಗೂ ಸಮಪಾಲಾಗಿ ಕೊಟ್ಟರು. ಕಾಲೇಜಿನ ಪಾಲಿಗೆ ಬಂದದ್ದು 1,920 ಎಕರೆ. ಯಾಕೆ ಕೊಟ್ಟರು? ಮುಂದೆ ತಮ್ಮ ಮಕ್ಕಳಲ್ಲಿ ಕೆಲವರಾದರೂ ಓದಲಿ ಎಂಬ ಆಸೆಯಿಂದ. ಇದು ನನ್ನ ಊಹೆಯಲ್ಲ, ಆ ಕಲಮಿನಲ್ಲೇ ಆ ಅರ್ಥದ ಮಾತು ಬರೆದಿದೆ. ಆ ಕಾಲೇಜೇ ಬೆಳೆದು 1837ರಲ್ಲಿ ಆ್ಯನ್ ಆರ್ಬರ್ ಊರಿಗೆ ಹೋಗಿ ಮಿಷಿಗನ್ ವಿಶ್ವವಿದ್ಯಾನಿಲಯವಾಯಿತು. ಭೂಮಿ ಮಾರಿ ಬಂದ ಹಣ ವಿಶ್ವವಿದ್ಯಾನಿಲಯದ ಗಂಟು ಸೇರಿತು.

ಇನ್ನು ಆಡಳಿತದ ಮಾತು. ನಮ್ಮ ವಿಶ್ವವಿದ್ಯಾನಿಲಯಗಳ ಸಿಂಡಿಕೇಟಿನಲ್ಲಿ ಸರ್ಕಾರ ನಾಮಕರಣ ಮಾಡಿದವರು ಕೂರುತ್ತಾರೆ. ಸರ್ಕಾರ ಬದಲಾದರೆ ಮುಖಗಳೂ ಬದಲಾಗುತ್ತವೆ. ಮಿಷಿಗನ್ನಿನಲ್ಲಿ ಹಾಗಲ್ಲ. 1850ರ ರಾಜ್ಯ ಸಂವಿಧಾನವೇ ವಿಶ್ವವಿದ್ಯಾನಿಲಯದ ರೀಜೆಂಟರು ಅಂದರೆ ಆಡಳಿತ ಮಂಡಳಿಯವರು ಜನರಿಂದ ಚುನಾಯಿತರಾಗಬೇಕು ಅಂತ ಬರೆಯಿತು. 1963ರ ಸಂವಿಧಾನದಲ್ಲಿ ಈ ನಿಯಮ ಮೂರು ವಿಶ್ವವಿದ್ಯಾನಿಲಯಗಳಿಗಿದೆ: ಮಿಷಿಗನ್, ಮಿಷಿಗನ್ ಸ್ಟೇಟ್, ವೇಯ್ನ್ ಸ್ಟೇಟ್. ಒಂದೊಂದು ಮಂಡಳಿಗೂ 8 ಜನ, 8 ವರ್ಷದ ಅವಧಿ, ಇಡೀ ರಾಜ್ಯದ ಮತದಾರರು ಓಟು ಹಾಕಿ ಆರಿಸಬೇಕು. ಎರಡು ವರ್ಷಕ್ಕೊಮ್ಮೆ ಇಬ್ಬಿಬ್ಬರ ಚುನಾವಣೆ. ವಿಶ್ವವಿದ್ಯಾನಿಲಯದ ಮೇಲ್ವಿಚಾರಣೆ, ಖರ್ಚುವೆಚ್ಚದ ಹತೋಟಿ ಎಲ್ಲ ಈ ಮಂಡಳಿಯದೇ. ಗವರ್ನರನಾಗಲಿ ಶಾಸನಸಭೆಯಾಗಲಿ ಸುಲಭಕ್ಕೆ ಕೈಹಾಕುವಂತಿಲ್ಲ.

ಚುನಾಯಿತರು ಅಂದ ಮಾತ್ರಕ್ಕೆ ಅವರೇನು ನಮ್ಮವರಲ್ಲ. ಹಣವಂತರು, ವಕೀಲರು, ಪಕ್ಷದವರು. ಆದರೂ ಎಂಟು ಜನರಿಗೆ ಮುಖ ಇತ್ತು, ವಿಳಾಸ ಇತ್ತು. ಅವರು ಸಭೆ ಸೇರುವ ದಿನ ಗೊತ್ತಿತ್ತು. ಬಾಗಿಲ ಮುಂದೆ ಹೋಗಿ ಕೂಗಬಹುದಿತ್ತು.

1970ರಲ್ಲಿ ಕೂಗಿದರು. ಬ್ಲ್ಯಾಕ್ ಆ್ಯಕ್ಷನ್ ಮೂವ್‌ಮೆಂಟ್ ಅಂತ ವಿದ್ಯಾರ್ಥಿಗಳ ಒಕ್ಕೂಟ. ಡೆಟ್ರಾಯಿಟ್ ಅನ್ನುವ ಕಪ್ಪು ಕಾರ್ಮಿಕರ ಮಹಾನಗರ ಅಲ್ಲೇ ಹತ್ತಿರದಲ್ಲಿದ್ದರೂ ವಿಶ್ವವಿದ್ಯಾನಿಲಯದಲ್ಲಿ ಕಪ್ಪು ವಿದ್ಯಾರ್ಥಿಗಳ ಸಂಖ್ಯೆ ತೀರ ಕಡಿಮೆ. ಮೂರ್ನಾಲ್ಕು ವರ್ಷದೊಳಗೆ ಅದು ನೂರಕ್ಕೆ 10 ಆಗಬೇಕು, ಅದಕ್ಕೆ ಬೇಕಾದ ಹಣ ಕೊಡಬೇಕು ಅಂತ ಅವರ ಬೇಡಿಕೆ. ಮಾರ್ಚಿನಲ್ಲಿ ರೀಜೆಂಟರು ಸಭೆ ಸೇರಿದರು. ಗುರಿ ಒಪ್ಪಿದರು, ಹಣದ ಮಾತಿಗೆ ಜಾರಿಕೊಂಡರು. 'ಗುರಿ' ಅನ್ನೋದು ಅಧಿಕಾರಸ್ಥರಿಗೆ ಬಹಳ ಪ್ರಿಯವಾದ ಪದ, ಕೊಡದೆ ಕೊಟ್ಟಂತೆ ಕಾಣಿಸುತ್ತೆ. ಹುಡುಗರು ತರಗತಿ ಬಹಿಷ್ಕರಿಸಿದರು. 'ತೆರೆಯಿರಿ, ಇಲ್ಲಾ ಮುಚ್ಚಿರಿ' ಅನ್ನುವುದು ಅವರ ಘೋಷಣೆ. ಬಿಳಿಯ ವಿದ್ಯಾರ್ಥಿಗಳಲ್ಲಿ, ಅಧ್ಯಾಪಕರಲ್ಲಿ ಬಹಳ ಮಂದಿ ಜೊತೆಗೆ ನಿಂತರು. ಕೆಲಸಗಾರರ ಸಂಘದ ಎಷ್ಟೋ ಜನ ಮುಷ್ಕರದ ಸಾಲು ದಾಟದೆ ಹೊರಗುಳಿದರು. ಹತ್ತು ಹನ್ನೆರಡು ದಿನದಲ್ಲಿ ವಿಶ್ವವಿದ್ಯಾನಿಲಯ ಮಣಿಯಿತು, ಹಣವೂ ಸೇರಿದಂತೆ ಒಪ್ಪಂದವಾಯಿತು. ಏಪ್ರಿಲ್ ಹುಟ್ಟುವ ಹೊತ್ತಿಗೆ ಮುಷ್ಕರ ಮುಗಿದಿತ್ತು.

ಆ ನೂರಕ್ಕೆ 10 ಎಂಬ ಗುರಿ ಇವತ್ತಿನವರೆಗೂ ಮುಟ್ಟಿಲ್ಲ, ಅದು ಬೇರೆ ಮಾತು. 1987ರಲ್ಲಿ ಕ್ಯಾಂಪಸ್ಸಿನ ರೇಡಿಯೋದಲ್ಲಿ ಕಪ್ಪು ಜನರನ್ನು ಹೀಯಾಳಿಸುವ ಹಾಸ್ಯ ಬಿತ್ತರವಾದಾಗ ಇನ್ನೊಂದು ಸುತ್ತಿನ ಚಳವಳಿ ನಡೆಯಿತು. ಆಗಲೂ ವಿಶ್ವವಿದ್ಯಾನಿಲಯ ಮಣಿದು ಹೊಸ ಕ್ರಮಗಳನ್ನು ಘೋಷಿಸಿತು. ಹೀಗೆ ಕೇಳಿ ಕೇಳಿ, ಜಗಳ ಮಾಡಿ, ಒಂದಿಷ್ಟು ಜಾಗ ಗಿಟ್ಟಿತ್ತು.

ಇಲ್ಲಿ ಒಂದು ವಿವರಣೆ ಬೇಕು. ನಮ್ಮಲ್ಲಿರುವಂತೆ ಸೀಟುಗಳನ್ನು ಎತ್ತಿಡುವ ಪದ್ಧತಿ ಅಲ್ಲಿ ಇರಲಿಲ್ಲ. ಕ್ಯಾಲಿಫೋರ್ನಿಯಾದ ಡೇವಿಸ್ ವೈದ್ಯಕೀಯ ಕಾಲೇಜಿನಲ್ಲಿ 100ರಲ್ಲಿ 16 ಸೀಟು ಎತ್ತಿಟ್ಟಿದ್ದನ್ನು 1978ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟು ಹೊಡೆದುಹಾಕಿತ್ತು. ಅರ್ಜಿದಾರನ ಹಿನ್ನೆಲೆಯಲ್ಲಿ ಜನಾಂಗವನ್ನೂ ಒಂದು ಅಂಶವಾಗಿ ನೋಡಬಹುದು ಅಂತಷ್ಟೇ ಉಳಿಸಿತ್ತು. ಅಫರ್ಮೇಟಿವ್ ಆ್ಯಕ್ಷನ್ ಅಂದರೆ ಇಷ್ಟೇ. ಮಿಷಿಗನ್ನಿನ ಪದವಿ ತರಗತಿಗಳಿಗೆ 150 ಅಂಕದ ಒಂದು ಲೆಕ್ಕ ಇತ್ತು. 100 ಬಂದರೆ ಸಾಮಾನ್ಯವಾಗಿ ಪ್ರವೇಶ ಖಚಿತ. ಕಪ್ಪು, ಹಿಸ್ಪಾನಿಕ್, ಮೂಲನಿವಾಸಿ ಅರ್ಜಿದಾರರಿಗೆ 20 ಅಂಕ. ಊರೆಲ್ಲ ಕೂಗಾಡಿದ್ದು ಈ 20ರ ಬಗ್ಗೆ. ಆಟಗಾರರಾಗಿ ಆಯ್ಕೆಯಾದವರಿಗೂ 20 ಇತ್ತು. ಆಡಳಿತದ ಹಿರಿಯ ಅಧಿಕಾರಿ ತನ್ನ ವಿವೇಚನೆಯಿಂದ ಯಾರಿಗೆ ಬೇಕಾದರೂ 20 ಕೊಡಬಹುದಿತ್ತು. ರಾಜ್ಯದ ನಿವಾಸಿಗೆ 10. ಅಪ್ಪ ಅಮ್ಮ ಅಲ್ಲೇ ಓದಿದ್ದರೆ 4. ಅಜ್ಜನ ಕಾಲದಲ್ಲಿ ಯಾರನ್ನು ಒಳಗೆ ಬಿಟ್ಟಿದ್ದರೋ ಅವರ ಮೊಮ್ಮಕ್ಕಳಿಗೆ ಸಿಗುವ ಅಂಕ ಅದು. ಅದನ್ನು ಯಾರೂ 'ಪ್ರತಿಭೆಗೆ ಅನ್ಯಾಯ' ಅನ್ನಲಿಲ್ಲ.

ಪ್ರವೇಶ ಸಿಗದ ಜೆನಿಫರ್ ಗ್ರಾಟ್ಜ್ ಎಂಬ ಬಿಳಿಯ ಯುವತಿ, ಕಾನೂನು ಶಾಲೆಯಲ್ಲಿ ಸೀಟು ಸಿಗದ ಬಾರ್ಬರಾ ಗ್ರಟರ್ ಎಂಬ ಇನ್ನೊಬ್ಬಾಕೆ, ಇಬ್ಬರ ಹೆಸರಿನಲ್ಲೂ 1997ರಲ್ಲಿ ದಾವೆ ಹೂಡಲಾಯಿತು. ಪ್ರತಿವಾದಿ ವಿಶ್ವವಿದ್ಯಾನಿಲಯದ ಅಧ್ಯಕ್ಷ ಲೀ ಬೊಲಿಂಜರ್. (ಈತ 2002ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿ ಹೋದರು. 1913ರಿಂದ 1916ರವರೆಗೆ ನಮ್ಮ ಬಾಬಾಸಾಹೇಬರು ಓದಿದ ಜಾಗ ಅದು.) 2003ರ ಜೂನ್ 23ರಂದು ಎರಡೂ ತೀರ್ಪು ಬಂದವು. 20 ಅಂಕದ ಲೆಕ್ಕ ಬಿತ್ತು. ಆದರೆ ಒಬ್ಬೊಬ್ಬರ ಅರ್ಜಿಯನ್ನೂ ಬಿಡಿಯಾಗಿ ನೋಡುವಾಗ ಜನಾಂಗವನ್ನೂ ಗಮನಿಸುವ ಕಾನೂನು ಶಾಲೆಯ ಪದ್ಧತಿ 5-4ರಲ್ಲಿ ಉಳಿಯಿತು. ಇನ್ನು 25 ವರ್ಷದಲ್ಲಿ ಇದರ ಅಗತ್ಯ ಇರಲಾರದು ಅಂತ ನ್ಯಾಯಮೂರ್ತಿ ಸ್ಯಾಂಡ್ರಾ ಡೇ ಒಕಾನರ್ ಬರೆದರು.

ಕೋರ್ಟಿನಲ್ಲಿ ಅರ್ಧ ಸೋತವರು ಸುಮ್ಮನೆ ಕೂರಲಿಲ್ಲ. ಒಂದು ತಿಂಗಳೂ ಕಳೆಯುವ ಮುನ್ನ ಕ್ಯಾಲಿಫೋರ್ನಿಯಾದಿಂದ ವಾರ್ಡ್ ಕಾನರ್ಲಿ ಆ್ಯನ್ ಆರ್ಬರಿಗೆ ಬಂದಿಳಿದ. ಆತನೂ ಒಬ್ಬ ರೀಜೆಂಟ್, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ್ದು. 1995ರ ಜುಲೈಯಲ್ಲಿ ಅಲ್ಲಿನ ಮಂಡಳಿಯಲ್ಲಿ ಅಫರ್ಮೇಟಿವ್ ಆ್ಯಕ್ಷನ್ ನಿಲ್ಲಿಸುವ ನಿರ್ಣಯ ತಂದವನು ಅವನೇ. ಮಂಡಳಿಯ ನಿರ್ಣಯವನ್ನು ಇನ್ನೊಂದು ಮಂಡಳಿ ಬಂದು ರದ್ದು ಮಾಡಬಹುದಲ್ಲ? 2001ರಲ್ಲಿ ರದ್ದೂ ಮಾಡಿತು. ಆದರೆ ಅಷ್ಟರಲ್ಲಿ, 1996ರ ನವೆಂಬರಿನಲ್ಲಿ, ಪ್ರೊಪೊಸಿಷನ್ 209 ಎಂಬ ಜನಮತದ ಮೂಲಕ ಅದೇ ನಿಷೇಧ ರಾಜ್ಯದ ಸಂವಿಧಾನಕ್ಕೆ ಸೇರಿಹೋಗಿತ್ತು. ಮಂಡಳಿ ಮನಸ್ಸು ಬದಲಿಸಿದರೂ ಕೈ ಕಟ್ಟಿಹೋಗಿತ್ತು. ನನ್ನ ಪ್ರಕಾರ ಈ ಹುನ್ನಾರದ ಪಾಠ ಇರುವುದೇ ಇಲ್ಲಿ. 1997ರ ಶರತ್ಕಾಲದಲ್ಲಿ ಬರ್ಕ್ಲಿಯ ಕಾನೂನು ಶಾಲೆ 14 ಕಪ್ಪು ಅರ್ಜಿದಾರರಿಗೆ ಪ್ರವೇಶ ಕೊಟ್ಟಿತು, ಒಬ್ಬರೂ ಸೇರಲಿಲ್ಲ. ಆ ತರಗತಿಗೆ ಬಂದ ಒಬ್ಬನೇ ಒಬ್ಬ ಕಪ್ಪು ವಿದ್ಯಾರ್ಥಿ ಹಿಂದಿನ ವರ್ಷವೇ ಆಯ್ಕೆಯಾಗಿ ಮುಂದೂಡಿಕೊಂಡಿದ್ದವನು.

ಕಾನರ್ಲಿ ತಾನೂ ಕಪ್ಪು ಜನರ ನಡುವೆ ಹುಟ್ಟಿದವನು. ಕೊಡಲಿಯ ಕಾವು ಕುಲಕ್ಕೆ ಸಾವು ಅಂತ ಗಾದೆ ಹೇಳಿ ಮುಗಿಸಿಬಿಡಬಹುದು. ಆದರೆ ಅದು ಸುಲಭದ ಮಾತಾಯಿತು. ಆತ ತಾನು ಹೇಳಿದ್ದನ್ನು ನಂಬಿದ್ದ ಅಂತಲೇ ನನಗೆ ಅನ್ನಿಸುತ್ತದೆ. ಅವನನ್ನು ಮುಂದೆ ನಿಲ್ಲಿಸಿಕೊಂಡವರಿಗೆ ಅವನ ನಂಬಿಕೆಗಿಂತ ಅವನ ಮೈಬಣ್ಣ ಉಪಯೋಗಕ್ಕೆ ಬಂತು. ಗ್ರಾಟ್ಜ್ ಈ ಉಪಕ್ರಮದ ಕಾರ್ಯನಿರ್ವಾಹಕಿಯಾದಳು.

ಮಿಷಿಗನ್ನಿನಲ್ಲಿ ಸಂವಿಧಾನದ ತಿದ್ದುಪಡಿಯನ್ನು ಮತಕ್ಕೆ ಹಾಕಬೇಕಾದರೆ, ಹಿಂದಿನ ಗವರ್ನರ್ ಚುನಾವಣೆಯಲ್ಲಿ ಬಿದ್ದ ಮತಗಳ ನೂರಕ್ಕೆ 10ರಷ್ಟು ಸಹಿ ಬೇಕು. ಆಗ ಅದು 3 ಲಕ್ಷ 17 ಸಾವಿರಕ್ಕೂ ಹೆಚ್ಚು. ಅವರು 5 ಲಕ್ಷಕ್ಕೂ ಮಿಕ್ಕಿ ತಂದರು. ಎಂಥ ಸಹಿಗಳು ಅಂತ ಮೊದಲೇ ಹೇಳಿದೆ. ರಾಜ್ಯದ ನಾಗರಿಕ ಹಕ್ಕುಗಳ ಆಯೋಗವೇ ವಿಚಾರಣೆ ನಡೆಸಿ ಮೋಸವಾಗಿದೆ ಅಂತ ವರದಿ ಕೊಟ್ಟಿತು. 2005ರ ಡಿಸೆಂಬರಿನಲ್ಲಿ ಚುನಾವಣಾ ಪರಿಶೀಲನಾ ಮಂಡಳಿ ಲ್ಯಾನ್ಸಿಂಗ್‌ನಲ್ಲಿ ಸಭೆ ಸೇರಿದಾಗ ಡೆಟ್ರಾಯಿಟ್‌ನ ಹೈಸ್ಕೂಲು ಮಕ್ಕಳು ಬಸ್ಸಿನಲ್ಲಿ ಹೋಗಿ ಕೂಗಾಡಿದರು, ಒಂದು ಮೇಜೂ ಉರುಳಿತು. ಮರುದಿನದ ಚರ್ಚೆಯೆಲ್ಲ ಉರುಳಿದ ಮೇಜಿನ ಮೇಲೆ. ಕದ್ದ ಸಹಿಗಳ ಮಾತು ಹಿಂದಕ್ಕೆ ಸರಿಯಿತು. ಇದು ನಮಗೆ ಹೊಸದೇ?

ಚುನಾವಣೆಯಲ್ಲಿ ಒಂದು ವಿಚಿತ್ರ ನಡೆಯಿತು. ಗವರ್ನರ್ ಸ್ಥಾನಕ್ಕೆ ನಿಂತ ಎರಡೂ ದೊಡ್ಡ ಪಕ್ಷಗಳ ಹುರಿಯಾಳುಗಳು, ಡೆಮಾಕ್ರಟಿಕ್ ಪಕ್ಷದ ಜೆನಿಫರ್ ಗ್ರಾನ್‌ಹೋಮ್ ಮತ್ತು ರಿಪಬ್ಲಿಕನ್ ಪಕ್ಷದ ಡಿಕ್ ಡಿವೋಸ್, ಪ್ರಸ್ತಾವವನ್ನು ವಿರೋಧಿಸಿದರು. ಕಾರ್ಮಿಕ ಸಂಘಗಳು, ಚರ್ಚುಗಳು, ವಿಶ್ವವಿದ್ಯಾನಿಲಯದ ಆಡಳಿತ, ದೊಡ್ಡ ದೊಡ್ಡ ಕಂಪನಿಗಳು ವಿರೋಧಿಸಿದವು. ವೇದಿಕೆಯ ಮೇಲೆ ಯಾರೂ ಪರ ಇಲ್ಲ ಅನ್ನುವ ಹಾಗಿತ್ತು. 2006ರ ನವೆಂಬರ್ 7ರಂದು ಪೆಟ್ಟಿಗೆ ತೆರೆದಾಗ ನೂರಕ್ಕೆ 58 ಮತ ಪರವಾಗಿ, 42 ವಿರುದ್ಧ. ಕಪ್ಪು ಮತದಾರರು ಭಾರಿ ಸಂಖ್ಯೆಯಲ್ಲಿ ವಿರೋಧಿಸಿದ್ದರು. ಬಿಳಿಯ ಗಂಡಸರಲ್ಲಿ ಹೆಚ್ಚು ಜನ ಪರ. ಈ ನಿಷೇಧ ಹೆಂಗಸರಿಗಾಗಿ ಇದ್ದ ವಿಶೇಷ ಕ್ರಮಗಳಿಗೂ ತಟ್ಟುವಂಥದ್ದಾದರೂ ಬಿಳಿಯ ಹೆಂಗಸರಲ್ಲೂ ಹೆಚ್ಚಿನವರು ಪರವಾಗಿಯೇ ಹಾಕಿದ್ದರು. ಪರದೆಯ ಹಿಂದೆ ನಿಂತಾಗ ಮನುಷ್ಯ ತನ್ನ ನಿಜವಾದ ಜಾತಿಗೆ ಮರಳುತ್ತಾನೆ ಅಂತ ನಮ್ಮ ಹಳ್ಳಿಯ ಯಾವ ಮೇಷ್ಟರನ್ನು ಕೇಳಿದರೂ ಹೇಳಿಯಾರು.

ಸಂವಿಧಾನಕ್ಕೆ ಸೇರಿದ ಆ ಮಾತಿನ ಸಾರ ಇಷ್ಟು: ಮಿಷಿಗನ್, ಮಿಷಿಗನ್ ಸ್ಟೇಟ್, ವೇಯ್ನ್ ಸ್ಟೇಟ್ ವಿಶ್ವವಿದ್ಯಾನಿಲಯಗಳು ಮತ್ತು ಇತರ ಸಾರ್ವಜನಿಕ ಕಾಲೇಜು, ಶಾಲೆಗಳು ಜನಾಂಗ, ಲಿಂಗ, ಬಣ್ಣ, ಮೂಲ ನೋಡಿ ಯಾರಿಗೂ ತಾರತಮ್ಯ ಮಾಡಬಾರದು, ಯಾರಿಗೂ ಆದ್ಯತೆ ಕೊಡಬಾರದು. ಓದಿದರೆ ಎಷ್ಟು ಚೆಂದ ಇದೆ! ಬುದ್ಧ ಬಸವ ಬರೆದಂತಿದೆ. ತಾರತಮ್ಯ ಬೇಡ ಅನ್ನೋದಕ್ಕೆ ಯಾರು ತಕರಾರು ಮಾಡ್ತಾರೆ? ಆದರೆ 'ತಾರತಮ್ಯ' ಮತ್ತು 'ಆದ್ಯತೆ' ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿದಾಗ, ಕಾಲಿನ ಸರಪಳಿಯೂ ಊರುಗೋಲೂ ಒಂದೇ ತೂಕದ ವಸ್ತುಗಳಾಗಿಬಿಡುತ್ತವೆ. ಮೂರು ವಿಶ್ವವಿದ್ಯಾನಿಲಯಗಳ ಹೆಸರನ್ನು ಎತ್ತಿ ಹೇಳಿರುವುದನ್ನೂ ಗಮನಿಸಿ. ಜನ ಆರಿಸಿದ ಮಂಡಳಿಗಳಿದ್ದದ್ದು ಈ ಮೂರಕ್ಕೇ.

ಮುಂದಿನ ಎಂಟು ವರ್ಷ ಕೋರ್ಟಿನಲ್ಲಿ ನಡೆದ ವಾದ ನಿಜಕ್ಕೂ ಆಡಳಿತದ ಬಗ್ಗೆಯೇ. ಅದಕ್ಕೊಂದು ಹಳೆಯ ಬೇರಿದೆ. ಒಹಾಯೋದ ಆಕ್ರನ್ ಎಂಬ ಊರಿನಲ್ಲಿ, ಬಣ್ಣ ನೋಡಿ ಮನೆ ಬಾಡಿಗೆಗೆ ನಿರಾಕರಿಸಬಾರದು ಅಂತ ನಗರಸಭೆ ಕಾನೂನು ಮಾಡಿತ್ತು. ಊರಿನವರು ನಗರದ ಸನ್ನದನ್ನೇ ತಿದ್ದಿದರು: ಇಂಥ ಕಾನೂನು ಯಾವುದೇ ಆದರೂ ಮೊದಲು ಊರಿನ ಮತಕ್ಕೆ ಹಾಕಬೇಕು. ಚರಂಡಿಗೆ, ದೀಪಕ್ಕೆ, ತೆರಿಗೆಗೆ ನಗರಸಭೆ ಸಾಕು. ಕಪ್ಪು ಮನುಷ್ಯನ ಬಾಡಿಗೆ ಮನೆಗೆ ಮಾತ್ರ ಇಡೀ ಊರಿನ ಒಪ್ಪಿಗೆ ಬೇಕು! 1969ರಲ್ಲಿ ಸುಪ್ರೀಂ ಕೋರ್ಟು ಇದನ್ನು ಹೊಡೆದುಹಾಕಿತು. ಒಂದು ಗುಂಪಿಗೆ ಬೇಕಾದದ್ದನ್ನು ಮಾತ್ರ ಕೈಗೆಟುಕದ ಅಟ್ಟದ ಮೇಲೆ ಇಡುವಂತಿಲ್ಲ ಎಂಬುದು ಆ ತೀರ್ಪಿನ ತಿರುಳು. ಇದನ್ನೇ ಆಧರಿಸಿ 2012ರಲ್ಲಿ ಆರನೇ ವಲಯದ ಮೇಲ್ಮನವಿ ನ್ಯಾಯಾಲಯ 8-7ರಲ್ಲಿ ಮಿಷಿಗನ್ನಿನ ತಿದ್ದುಪಡಿ ಅಸಿಂಧು ಅಂದಿತು.

2014ರ ಏಪ್ರಿಲ್ 22ರಂದು ಸುಪ್ರೀಂ ಕೋರ್ಟು 6-2ರಲ್ಲಿ ಅದನ್ನು ತಲೆಕೆಳಗು ಮಾಡಿತು. ಅಫರ್ಮೇಟಿವ್ ಆ್ಯಕ್ಷನ್ ಸರಿಯೋ ತಪ್ಪೋ ಎಂಬುದು ಇಲ್ಲಿನ ಪ್ರಶ್ನೆಯಲ್ಲ, ಅದನ್ನು ತೀರ್ಮಾನಿಸುವ ಹಕ್ಕು ಮತದಾರರಿಗಿದೆ ಅಂತ ನ್ಯಾಯಮೂರ್ತಿ ಆಂಥೊನಿ ಕೆನಡಿ ಬರೆದರು. ಭಿನ್ನಮತ ಬರೆದವರು ಸೋನಿಯಾ ಸೊಟೊಮೇಯರ್. ಪ್ಯುಯೆರ್ಟೊ ರಿಕೊ ಮೂಲದ ಬಡ ಕುಟುಂಬದ ಮಗಳು, ಅಫರ್ಮೇಟಿವ್ ಆ್ಯಕ್ಷನ್ ತೆರೆದ ಬಾಗಿಲಿನಿಂದಲೇ ಓದಿ ಬಂದವರು, ಅದನ್ನು ಮುಚ್ಚಿಟ್ಟುಕೊಳ್ಳದವರು. 58 ಪುಟ ಬರೆದರು. ರೂತ್ ಬೇಡರ್ ಗಿನ್ಸ್‌ಬರ್ಗ್ ಅವರೊಬ್ಬರೇ ಜೊತೆಗೆ.

ಆಕೆಯ ವಾದವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ. ನಾನು ಆ ವಿಶ್ವವಿದ್ಯಾನಿಲಯದಲ್ಲಿ ಓದಿದವನು, ನನ್ನ ಮಗನಿಗೆ ಆದ್ಯತೆ ಕೊಡಿ ಅಂತ ಒಬ್ಬ ಅಪ್ಪ ಕೇಳಬೇಕಾದರೆ ಏನು ಮಾಡಬೇಕು? ರೀಜೆಂಟರಿಗೆ ಕಾಗದ ಬರೆಯಬಹುದು. ಸಭೆಯಲ್ಲಿ ಎದ್ದು ಮಾತಾಡಬಹುದು. ತನಗೆ ಬೇಕಾದವರನ್ನು ಮಂಡಳಿಗೆ ಗೆಲ್ಲಿಸಬಹುದು. ಆಟಗಾರ, ದೂರದ ಜಿಲ್ಲೆಯವನು, ಇನ್ನೊಬ್ಬ ಮತ್ತೊಬ್ಬ, ಎಲ್ಲರಿಗೂ ಆ ಬಾಗಿಲು ತೆರೆದಿದೆ. ಕಪ್ಪು ಹುಡುಗಿಯೊಬ್ಬಳು ನನ್ನ ಜನ ನೂರಾರು ವರ್ಷ ಹೊರಗಿದ್ದರು, ಅದನ್ನೂ ಲೆಕ್ಕಕ್ಕೆ ತಗೊಳ್ಳಿ ಅಂತ ಕೇಳಬೇಕಾದರೆ? ಮೊದಲು ಲಕ್ಷಾಂತರ ಸಹಿ ತರಬೇಕು, ಕೋಟಿಗಟ್ಟಲೆ ಹಣ ಸುರಿಯಬೇಕು, ರಾಜ್ಯದ ಬಹುಮತವನ್ನು ಗೆದ್ದು ಸಂವಿಧಾನ ತಿದ್ದಬೇಕು. ಆಮೇಲೆ ಮಂಡಳಿಯ ಮುಂದೆ ಬಂದು ಬೇಡಿಕೆ ಇಡಬೇಕು. ಬಹುಮತ ಗೆದ್ದಿತು ಅಂತಲ್ಲ ಆಕೆಯ ದೂರು. ಇದ್ದ ನಿಯಮದಲ್ಲಿ ಸೋತು, ಆಮೇಲೆ ಆಟದ ನಿಯಮವನ್ನೇ ಬದಲಿಸಿದರು ಅಂತ.

ಇದಕ್ಕೆ ಸ್ಟೀಫನ್ ಬ್ರೇಯರ್ ಎಂಬ ನ್ಯಾಯಮೂರ್ತಿ ಕೊಟ್ಟ ಉತ್ತರವನ್ನೂ ಹೇಳಬೇಕು. ಆತ ಅಫರ್ಮೇಟಿವ್ ಆ್ಯಕ್ಷನ್ ವಿರೋಧಿಯಲ್ಲ. ಹೆಸರಿಗೆ ಮಂಡಳಿ ಚುನಾಯಿತ ಇರಬಹುದು, ಪ್ರವೇಶದ ನಿಯಮ ಮಾಡುತ್ತಿದ್ದವರು ಯಾರೂ ಆರಿಸದ ಅಧ್ಯಾಪಕರು, ಅಧಿಕಾರಿಗಳು. ಅವರ ಕೈಯಿಂದ ಮತದಾರರು ಅಧಿಕಾರ ತಗೊಂಡರೆ ತಪ್ಪೇನು ಅಂದರು. ಈ ಮಾತಿನಲ್ಲಿ ಹುರುಳಿಲ್ಲ ಅಂತ ನಾನು ಹೇಳಲಾರೆ. ಅರ್ಜಿ ತೆಗೆದುಕೊಳ್ಳುವ ಕಿಟಕಿಯ ಹಿಂದೆ ಕೂತವನು ರೀಜೆಂಟನೂ ಅಲ್ಲ, ಸಿಂಡಿಕೇಟ್ ಸದಸ್ಯನೂ ಅಲ್ಲ. ಆದರೆ ಮಂಡಳಿ ಬಿಟ್ಟುಕೊಟ್ಟ ಅಧಿಕಾರವನ್ನು ಮಂಡಳಿ ಮರಳಿ ತೆಗೆದುಕೊಳ್ಳಬಹುದು. ಸೊಟೊಮೇಯರ್ ತೋರಿಸಿದಂತೆ, ಮಂಡಳಿಗೆ ನಿಂತವರು ಇದೇ ವಿಷಯ ಮುಂದಿಟ್ಟು ಮತ ಕೇಳಿದ್ದೂ ಉಂಟು. ಅಂದರೆ ಜಗಳ ಮಂಡಳಿಯ ಚುನಾವಣೆಯಲ್ಲೇ ನಡೆಯುತ್ತಿತ್ತು. ಆ ಜಗಳದಲ್ಲಿ ಗೆಲ್ಲಲಾಗದವರು ಜಗಳವನ್ನೇ ಅಲ್ಲಿಂದ ಎತ್ತಿಕೊಂಡು ಹೋದರು.

ಬಹುಮತವನ್ನು ಕುರಿತ ಈ ಭಯ ಅಂಬೇಡ್ಕರರಿಗೆ ಗೊತ್ತಿದ್ದದ್ದೇ. ರಾಜಕೀಯ ಬಹುಮತ ಇಂದು ಇರುತ್ತದೆ ನಾಳೆ ಬದಲಾಗುತ್ತದೆ, ಹುಟ್ಟಿನಿಂದ ಬಂದ ಬಹುಮತ ಬದಲಾಗುವುದೇ ಇಲ್ಲ ಎಂಬುದನ್ನು ಅವರು ಮತ್ತೆ ಮತ್ತೆ ವಾದಿಸಿದರು. 1932ರಲ್ಲಿ ಪುಣೆಯಲ್ಲಿ ಅವರು ಬಿಟ್ಟುಕೊಡಬೇಕಾಗಿ ಬಂದದ್ದು ಇದೇ ಕಾರಣದ ಒಂದು ರಕ್ಷಣೆಯನ್ನು. 1946ರಲ್ಲಿ ಅವರು ಕಪ್ಪು ಜನರ ಹಿರಿಯ ಚಿಂತಕ ಡುಬಾಯ್ಸ್ ಅವರಿಗೆ ಒಂದು ಪತ್ರ ಬರೆದಿದ್ದರು. ಅಮೆರಿಕದ ಕಪ್ಪು ಜನ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಬೇಕು ಅಂತ ಕೇಳಿದ ಪತ್ರ ಅದು. ಯಾರ ಬಾಗಿಲಲ್ಲಿ ಹೇಗೆ ಕೇಳಬೇಕು ಅನ್ನುವುದನ್ನು ಇವರು ಅವರಿಂದ ತಿಳಿಯಹೊರಟಿದ್ದರು. 1972ರಲ್ಲಿ ಮುಂಬಯಿಯ ಹುಡುಗರು ದಲಿತ ಪ್ಯಾಂಥರ್ ಅಂತ ಹೆಸರಿಟ್ಟುಕೊಂಡಾಗ ಆ ಪರಿಚಯ ಹೊಸದಾಗಿರಲಿಲ್ಲ.

ನಮ್ಮ ದೇಶದಲ್ಲೂ ಹುಟ್ಟಿದ ಮೊದಲ ವರ್ಷವೇ ಸಂವಿಧಾನಕ್ಕೆ ಇದೇ ಪ್ರಶ್ನೆ ಎದುರಾಯಿತು. ಮದರಾಸಿನ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳ ಜಾತಿವಾರು ಹಂಚಿಕೆಯನ್ನು 1951ರಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿತು. ದಾವೆ ಹೂಡಿದ ಚಂಪಕಂ ದೊರೈರಾಜನ್ ಅವರು ಆ ಕಾಲೇಜಿಗೆ ಅರ್ಜಿಯನ್ನೇ ಹಾಕಿರಲಿಲ್ಲ! ಅದೇ ವರ್ಷ ಸಂಸತ್ತು ಮೊದಲ ತಿದ್ದುಪಡಿ ಮಾಡಿ 15(4)ನೇ ವಿಧಿ ಸೇರಿಸಿತು. ಮಿಷಿಗನ್ನಿನಲ್ಲಿ ಸಂವಿಧಾನ ತಿದ್ದಿದ್ದು ಬಾಗಿಲು ಮುಚ್ಚೋದಕ್ಕೆ, ಇಲ್ಲಿ ತಿದ್ದಿದ್ದು ತೆರೆಯೋದಕ್ಕೆ. ಹೆಮ್ಮೆಪಡುವ ಮುಂಚೆ ಒಂದು ಮಾತು: ಇಲ್ಲಿ ಅದನ್ನು ಯಾರೂ ಜನಮತಕ್ಕೆ ಹಾಕಲಿಲ್ಲ. ಹಾಕಿದ್ದರೆ?

ಇನ್ನು ಮಿಷಿಗನ್ನಿನ ಫಲಿತಾಂಶ. ವಿಶ್ವವಿದ್ಯಾನಿಲಯವೇ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಲೆಕ್ಕ ಇದು. 2006ರಲ್ಲಿ ಪದವಿ ತರಗತಿಗಳಲ್ಲಿ ಕಪ್ಪು ವಿದ್ಯಾರ್ಥಿಗಳು ನೂರಕ್ಕೆ 7. 2021ರಲ್ಲಿ ನೂರಕ್ಕೆ 4. ಅದೇ ಅವಧಿಯಲ್ಲಿ ರಾಜ್ಯದ ಕಾಲೇಜು ವಯಸ್ಸಿನವರಲ್ಲಿ ಕಪ್ಪು ಜನರ ಪಾಲು 16ರಿಂದ 19ಕ್ಕೆ ಏರಿತ್ತು. ಮೂಲನಿವಾಸಿಗಳು ನೂರಕ್ಕೆ 1 ಇದ್ದವರು 0.11ಕ್ಕೆ ಇಳಿದರು. ಎರಡು ಮೂರು ಜನಾಂಗಕ್ಕೆ ಸೇರಿದವರನ್ನು ಬೇರೆಯಾಗಿ ಎಣಿಸುವ ಪದ್ಧತಿ 2010ರಿಂದ ಬಂದದ್ದೂ ಇಳಿಕೆಗೆ ಸ್ವಲ್ಪ ಕಾರಣ, ಅದನ್ನು ಮುಚ್ಚಿಡಬಾರದು. ಆದರೂ ಇಳಿಕೆ ಇಳಿಕೆಯೇ.

ಕೈಕಟ್ಟಿ ಕೂತಿದ್ದರು ಅಂತ ಅಲ್ಲ. ಡೆಟ್ರಾಯಿಟ್, ಸೌತ್‌ಫೀಲ್ಡ್ ಮಕ್ಕಳಿಗೆ ಏಳನೇ ತರಗತಿಯಿಂದಲೇ ಉಚಿತ ತಯಾರಿಯ ಯೋಜನೆ ತಂದರು. 2018ರಿಂದ, ಕುಟುಂಬದ ವರಮಾನ ವರ್ಷಕ್ಕೆ 65,000 ಡಾಲರಿನ ಒಳಗಿದ್ದರೆ ರಾಜ್ಯದ ವಿದ್ಯಾರ್ಥಿಗಳಿಗೆ ಬೋಧನಾ ಶುಲ್ಕವೇ ಇಲ್ಲ ಅಂದರು. ಬಡವರ ಮಕ್ಕಳು ಹೆಚ್ಚು ಅರ್ಜಿ ಹಾಕಿದರು, ಒಳ್ಳೆಯದೇ. ಜಾತಿ ಬೇಡ, ಆರ್ಥಿಕ ಮಾನದಂಡ ಸಾಕು ಅಂತ ನಮ್ಮ ಕಾಲೇಜಿನ ಸ್ಟಾಫ್‌ರೂಮುಗಳಲ್ಲಿ ಟೀ ಕುಡಿಯುತ್ತಾ ಹೇಳುವವರಿಗೆ ಹದಿನೈದು ವರ್ಷದ ಈ ಪ್ರಯೋಗವನ್ನು ತೋರಿಸಬೇಕು. ಹಣ ನೋಡಿ ಬಾಗಿಲು ತೆರೆದರೆ ಬಡವರು ಬರುತ್ತಾರೆ. ಬಣ್ಣ ನೋಡಿ ಮುಚ್ಚಿದ್ದ ಬಾಗಿಲು ಅದರಿಂದ ತೆರೆಯಲಿಲ್ಲ. ತಾನು ಎಲ್ಲವನ್ನೂ ಮಾಡಿ ನೋಡಿದೆ, ಸಾಲಲಿಲ್ಲ ಅಂತ ವಿಶ್ವವಿದ್ಯಾನಿಲಯವೇ ಬರೆದುಕೊಟ್ಟಿತು.

ಆ ಲೆಕ್ಕವನ್ನು ಸಲ್ಲಿಸಿದ್ದು ಹಾರ್ವರ್ಡ್ ಮತ್ತು ನಾರ್ತ್ ಕೆರೊಲಿನಾ ವಿಶ್ವವಿದ್ಯಾನಿಲಯಗಳ ಪ್ರಕರಣದಲ್ಲಿ. ನ್ಯಾಯಾಲಯ ಓದಿತೋ ಇಲ್ಲವೋ, 2023ರ ಜೂನ್ 29ರಂದು ಇಡೀ ದೇಶದಲ್ಲೇ ಪ್ರವೇಶದ ವೇಳೆ ಜನಾಂಗವನ್ನು ನೋಡುವುದನ್ನು ನಿಲ್ಲಿಸಿತು. 2003ರಲ್ಲಿ 25 ವರ್ಷ ಅಂದಿದ್ದರು. 20ಕ್ಕೇ ಮುಗಿಯಿತು. ಕ್ಯಾಲಿಫೋರ್ನಿಯಾದಲ್ಲಿ 2020ರಲ್ಲಿ ಹಳೆಯ ನಿಷೇಧ ಕಿತ್ತುಹಾಕಲು ಪ್ರೊಪೊಸಿಷನ್ 16 ಅಂತ ಮತಕ್ಕೆ ಹಾಕಿ ನೋಡಿದ್ದರು, ನೂರಕ್ಕೆ 57 ಜನ ಬೇಡ ಅಂದರು. ಅಟ್ಟದ ಮೇಲಿಟ್ಟದ್ದನ್ನು ಇಳಿಸಿಕೊಳ್ಳುವುದು ಎಷ್ಟು ಕಷ್ಟ ಅಂತ ಸೊಟೊಮೇಯರ್ ಹೇಳಿದ್ದಕ್ಕೆ ಬೇರೆ ಪುರಾವೆ ಬೇಕಿರಲಿಲ್ಲ.

ಶುರುವಿನಲ್ಲಿ ಹೇಳಿದ 1,920 ಎಕರೆಯ ಮಾತು ಅರ್ಧಕ್ಕೇ ನಿಂತಿತ್ತು. 1971ರಲ್ಲಿ ಆ ಮೂರು ಬುಡಕಟ್ಟುಗಳ ಮಕ್ಕಳ ಪರವಾಗಿ ವಿಶ್ವವಿದ್ಯಾನಿಲಯದ ರೀಜೆಂಟರ ಮೇಲೆ ದಾವೆ ಬಿತ್ತು. ನಮ್ಮ ಹಿರಿಯರು ಭೂಮಿ ಕೊಟ್ಟದ್ದು ನಮ್ಮ ಓದಿಗಾಗಿ, ಅದು ನಿಮ್ಮ ಬಳಿ ಇಟ್ಟ ನ್ಯಾಸ, ಅದರಂತೆ ನಡೆದುಕೊಳ್ಳಿ ಅಂತ ಅವರ ಕೇಳಿಕೆ. ಹತ್ತು ವರ್ಷ ಎಳೆದಾಡಿತು. 1979ರಲ್ಲಿ ವಿಚಾರಣಾ ನ್ಯಾಯಾಲಯ, 1981ರಲ್ಲಿ ಮೇಲ್ಮನವಿ ನ್ಯಾಯಾಲಯ ಎರಡೂ ಒಂದೇ ಮಾತು ಹೇಳಿದವು. ಅದು ನ್ಯಾಸವಲ್ಲ, ದಾನ. 2002ರಲ್ಲಿ ಕ್ಯಾಂಪಸ್ಸಿನಲ್ಲಿ ಆ ದಾನವನ್ನು ನೆನೆಯುವ ಒಂದು ಫಲಕ ಹಾಕಿದರು. ಅದಾಗಿ ನಾಲ್ಕು ವರ್ಷಕ್ಕೆ ರಾಜ್ಯದ ಮತಪೆಟ್ಟಿಗೆಗಳು ತೆರೆದವು.